ಒಳ್ಳೆಯ ಕೊಬ್ಬೂ ಮೂತ್ರಪಿಂಡದ ಉರಿಯೂತವೂ: ದಂಪತಿಗಳಿಗೊಂದು ಪಾಠ

ಪೀಠಿಕೆ

ಅಥಣಿ ತಾಲೂಕಿನ ಕೃಷ್ಣಾ ದಂಡೆಯ ಹಳ್ಳಿಯೊಂದರಿಂದ ಒಬ್ಬ ರೈತರು ತಮ್ಮ ಪತ್ನಿಯೊಡನೆ ಆರೋಗ್ಯ ಕೇಂದ್ರಕ್ಕೆ ಬಂದಿದ್ದರು. ವಯಸ್ಸು ನಲವತ್ತೈದು, ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆ, ಮೂರು ಎಕರೆ ಕಬ್ಬು. ಪಟ್ಟಣದ ಪ್ರಯೋಗಶಾಲೆಯಲ್ಲಿ ಮಾಡಿಸಿದ ರಕ್ತಪರೀಕ್ಷೆಯ ಕಾಗದ ಅವರ ಕೈಯಲ್ಲಿತ್ತು. ಅದರಲ್ಲಿ ಒಳ್ಳೆಯ ಕೊಲೆಸ್ಟರಾಲು 52 ಎಂದು ಬರೆದಿತ್ತು. ಪುರುಷರಲ್ಲಿ ಇದು 40ಕ್ಕಿಂತ ಹೆಚ್ಚಿರಬೇಕು ಎಂಬುದನ್ನು ಅವರು ಯಾರಿಂದಲೋ ಕೇಳಿ ತಿಳಿದಿದ್ದರು.

"ಡಾಕ್ಟರ ಸಾಹೇಬರ, ಒಳ್ಳೇ ಕೊಬ್ಬು ಛಲೋ ಐತಿ ಅಂದ ಮ್ಯಾಲ ಮತ್ತ ಚಿಂತಿ ಯಾಕ?" ಎಂದು ಅವರು ಕೇಳಿದರು.

ಅವರ ಪತ್ನಿ ಮಾತ್ರ ಕಾಗದವನ್ನು ನೋಡಲಿಲ್ಲ. ಗಂಡನ ಕಾಲುಗಳನ್ನು ತೋರಿಸಿದರು. ಅಳತೆ ಕೊಟ್ಟು ಮಾಡಿಸಿದ ಅಥಣಿಯ ಚಪ್ಪಲಿಗಳು ಎರಡು ತಿಂಗಳಿನಿಂದ ಸಂಜೆಯ ಹೊತ್ತಿಗೆ ಬಿಗಿಯಾಗುತ್ತಿದ್ದವು. ಪಾದದ ಮೇಲೆ ಬೆರಳಿನಿಂದ ಒತ್ತಿದರೆ ಕುಳಿ ಬೀಳುತ್ತಿತ್ತು.

ಆ ದಿನವೇ ಮೂತ್ರವನ್ನು ಪರೀಕ್ಷಿಸಲಾಯಿತು. ಅದರಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಬಹಳವಾಗಿ ಹೋಗುತ್ತಿತ್ತು. ರಕ್ತದಲ್ಲಿ ಕ್ರಿಯಾಟಿನಿನ್ 1.9 ಇತ್ತು. ಎಂದರೆ ಮೂತ್ರಪಿಂಡಗಳು ಸೋಸುವ ಶಕ್ತಿಯ ಅರ್ಧಕ್ಕಿಂತ ಹೆಚ್ಚನ್ನು ಆಗಲೇ ಕಳೆದುಕೊಂಡಿದ್ದವು.

ಒಳ್ಳೆಯ ಕೊಬ್ಬು ಸಾಕಷ್ಟು ಇದ್ದರೂ ಅದು ಈ ರೈತರನ್ನು ಏಕೆ ಕಾಯಲಿಲ್ಲ? ಈ ಪ್ರಶ್ನೆಗೆ ವಿಜ್ಞಾನವು ಇತ್ತೀಚಿನ ವರ್ಷಗಳಲ್ಲಿ ಕಂಡುಕೊಳ್ಳುತ್ತಿರುವ ಉತ್ತರವನ್ನು ಈ ಪಾಠದಲ್ಲಿ ತಿಳಿಸಲಾಗಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ದಂಪತಿಗಳು ಇದನ್ನು ಒಟ್ಟಿಗೆ ಕುಳಿತು ಓದಬೇಕೆಂದು ನಮ್ಮ ಕೋರಿಕೆ. ಓದು ಬಾರದವರಿಗೆ ಮನೆಯ ಮಕ್ಕಳು ಓದಿ ಹೇಳಬಹುದು.

ಮೂತ್ರಪಿಂಡಗಳ ಕಾರ್ಯ

ನಮ್ಮ ಬೆನ್ನಿನ ಕೆಳಭಾಗದಲ್ಲಿ, ಬೆನ್ನೆಲುಬಿನ ಎರಡು ಮಗ್ಗುಲಿಗೆ ಅವರೆಯ ಬೀಜದ ಆಕಾರದ ಎರಡು ಮೂತ್ರಪಿಂಡಗಳಿವೆ. ಇವುಗಳನ್ನೇ ಜನರು ಕಿಡ್ನಿ ಎಂದು ಕರೆಯುತ್ತಾರೆ. ಪ್ರತಿಯೊಂದೂ ಮುಷ್ಟಿಯಷ್ಟು ದೊಡ್ಡದು. ಒಂದೊಂದರಲ್ಲಿಯೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಸೋಸುಕಗಳಿರುತ್ತವೆ. ಇವು ದಿನವೊಂದಕ್ಕೆ ಸುಮಾರು 180 ಲೀಟರು ದ್ರವವನ್ನು ರಕ್ತದಿಂದ ಸೋಸಿ, ದೇಹಕ್ಕೆ ಬೇಕಾದುದನ್ನೆಲ್ಲ ಹಿಂದಕ್ಕೆ ಕೊಟ್ಟು, ಬೇಡವಾದುದನ್ನು ಒಂದೂವರೆ ಲೀಟರಿನಷ್ಟು ಮೂತ್ರವನ್ನಾಗಿ ಹೊರಕ್ಕೆ ಕಳುಹಿಸುತ್ತವೆ.

ಸೋಸುವುದಷ್ಟೇ ಇವುಗಳ ಕೆಲಸವಲ್ಲ. ರಕ್ತದೊತ್ತಡವನ್ನು ಹಿಡಿತದಲ್ಲಿಡುವುದು, ರಕ್ತ ಉತ್ಪತ್ತಿಗೆ ಬೇಕಾದ ಚೋದಕವನ್ನು ತಯಾರಿಸುವುದು, ಎಲುಬುಗಳ ಬಲಕ್ಕಾಗಿ 'ಡಿ' ಜೀವಸತ್ವವನ್ನು ಉಪಯೋಗಕ್ಕೆ ತರುವುದು ಇವೂ ಮೂತ್ರಪಿಂಡಗಳ ಹೊಣೆಗಳೇ ಆಗಿವೆ.

ಸೋಸುಕಗಳು ಅತಿ ಸಣ್ಣ ರಕ್ತನಾಳಗಳ ಗೊಂಚಲುಗಳು. ಆದುದರಿಂದ ರಕ್ತನಾಳಗಳನ್ನು ಕೆಡಿಸುವುದೆಲ್ಲವೂ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಸಕ್ಕರೆ ಕಾಯಿಲೆ ಮತ್ತು ರಕ್ತದ ಏರೊತ್ತಡ ಇವುಗಳಲ್ಲಿ ಮುಖ್ಯವಾದವು. ಈ ಹಾನಿಯು ನೋವಿಲ್ಲದೆ ನಡೆಯುತ್ತದೆ. ಅರ್ಧ ಶಕ್ತಿ ಹೋಗುವವರೆಗೂ ರೋಗಿಗೆ ಏನೂ ತಿಳಿಯದಿರುವುದು ಸಾಮಾನ್ಯ. ಕಾಲು ಬಾತುಕೊಳ್ಳುವುದು, ಮೂತ್ರದಲ್ಲಿ ಬಹಳ ಹೊತ್ತು ನಿಲ್ಲುವ ನೊರೆ ಬರುವುದು, ಆಯಾಸ, ಹಸಿವಿಲ್ಲದಿರುವುದು ಮುಂತಾದ ಲಕ್ಷಣಗಳು ಹಲವು ಸಲ ತಡವಾಗಿಯೇ ತೋರುತ್ತವೆ.

ಉರಿಯೂತ ಎಂದರೇನು?

ಕಾಲಿಗೆ ಮುಳ್ಳು ಚುಚ್ಚಿದರೆ ಆ ಜಾಗವು ಕೆಂಪಾಗಿ, ಬಿಸಿಯಾಗಿ, ಬಾತು ನೋಯುತ್ತದೆ. ರಕ್ತದಲ್ಲಿರುವ ಬಿಳಿ ಕಣಗಳು ಅಲ್ಲಿಗೆ ಧಾವಿಸಿ ಬಂದು ರೋಗಾಣುಗಳೊಡನೆ ಹೋರಾಡುವುದರಿಂದ ಹೀಗಾಗುತ್ತದೆ. ಇದಕ್ಕೆ ಉರಿಯೂತ ಎಂದು ಹೆಸರು. ಇದು ಕೆಲವು ದಿನಗಳಲ್ಲಿ ಶಮನವಾದರೆ ದೇಹಕ್ಕೆ ಹಿತಕರವೇ ಸರಿ.

ಆದರೆ ಮೂತ್ರಪಿಂಡದ ದೀರ್ಘ ಕಾಯಿಲೆಯಲ್ಲಿ ಉರಿಯೂತವು ಮೈಯೊಳಗೆ ಕಣ್ಣಿಗೆ ಕಾಣದಂತೆ, ಬೂದಿ ಮುಚ್ಚಿದ ಕೆಂಡದಂತೆ, ವರ್ಷಗಟ್ಟಲೆ ಇರುತ್ತದೆ. ಹೊರಗೆ ಹೋಗಬೇಕಾದ ಕಲ್ಮಷಗಳು ರಕ್ತದಲ್ಲಿ ಉಳಿದು ರಕ್ತನಾಳಗಳ ಒಳಪದರನ್ನು ಕೆರಳಿಸುತ್ತವೆ. ಕೆರಳಿದ ಪದರು ತನ್ನ ಮೇಲೆ ಕೊಂಡಿಗಳಂಥ ಪ್ರೋಟೀನುಗಳನ್ನು ಎಬ್ಬಿಸುತ್ತದೆ. ಹರಿದುಹೋಗುತ್ತಿರುವ ಬಿಳಿ ಕಣಗಳು ಈ ಕೊಂಡಿಗಳಿಗೆ ಸಿಕ್ಕಿ ನಾಳದ ಗೋಡೆಯೊಳಕ್ಕೆ ಸೇರಿಕೊಳ್ಳುತ್ತವೆ. ಅಲ್ಲಿ ಕೊಬ್ಬು ಸಂಗ್ರಹವಾಗಿ ಗೋಡೆ ದಪ್ಪವಾಗುತ್ತದೆ, ದಾರಿ ಕಿರಿದಾಗುತ್ತದೆ. ಮೂತ್ರಪಿಂಡದ ರೋಗಿಗಳಲ್ಲಿ ಅನೇಕರು ಡಯಾಲಿಸಿಸ್ ಹಂತವನ್ನು ಮುಟ್ಟುವ ಮೊದಲೇ ಹೃದಯಾಘಾತಕ್ಕೆ ತುತ್ತಾಗುವುದಕ್ಕೆ ಇದೊಂದು ದೊಡ್ಡ ಕಾರಣ.

ಒಳ್ಳೆಯ ಕೊಬ್ಬು: ದೇಹದ ಚಕ್ಕಡಿ

ಎಣ್ಣೆಯು ನೀರಿನಲ್ಲಿ ಬೆರೆಯದಂತೆ ಕೊಬ್ಬು ರಕ್ತದಲ್ಲಿ ತಾನಾಗಿ ಬೆರೆಯದು. ಅದನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯಲು ವಾಹನ ಬೇಕು. ಕೊಬ್ಬು ಮತ್ತು ಪ್ರೋಟೀನುಗಳಿಂದಾದ ಸಣ್ಣ ಕಣಗಳೇ ಈ ವಾಹನಗಳು. ಎಲ್.ಡಿ.ಎಲ್. ಎಂಬ ಕಣಗಳು ಕೊಲೆಸ್ಟರಾಲನ್ನು ಹೊತ್ತು ರಕ್ತದಲ್ಲಿ ತಿರುಗುತ್ತವೆ. ಇವು ಹೆಚ್ಚಾದಾಗ ನಾಳಗಳ ಗೋಡೆಯಲ್ಲಿ ಹೊರೆಯನ್ನು ಇಳಿಸಿಬಿಡುವುದರಿಂದ ಇವುಗಳಿಗೆ ಕೆಟ್ಟ ಕೊಬ್ಬು ಎಂದು ಹೆಸರು ಬಂದಿದೆ. ಎಚ್.ಡಿ.ಎಲ್. ಎಂಬ ಕಣಗಳು ಗೋಡೆಯಲ್ಲಿ ಕೂಡಿದ ಕೊಲೆಸ್ಟರಾಲನ್ನು ಎತ್ತಿಕೊಂಡು ಯಕೃತ್ತಿಗೆ ಮುಟ್ಟಿಸುತ್ತವೆ. ಇವೇ ಒಳ್ಳೆಯ ಕೊಬ್ಬು.

ಹಂಗಾಮಿನಲ್ಲಿ ಹೊಲದ ಕಬ್ಬನ್ನು ಹೇರಿಕೊಂಡು ಕಾರಖಾನೆಗೆ ಹೋಗುವ ಚಕ್ಕಡಿಗಳನ್ನು ನೀವೆಲ್ಲರೂ ನೋಡಿದ್ದೀರಿ. ಎಚ್.ಡಿ.ಎಲ್. ಕೂಡ ಅಂಥ ಒಂದು ಚಕ್ಕಡಿ. ರಕ್ತನಾಳದ ಗೋಡೆ ಅದರ ಹೊಲ. ಯಕೃತ್ತು ಅದರ ಕಾರಖಾನೆ. ಆದರೆ ಈ ಚಕ್ಕಡಿ ಎಷ್ಟು ಚಿಕ್ಕದೆಂದರೆ, ಒಂದು ಲಕ್ಷ ಚಕ್ಕಡಿಗಳನ್ನು ಒಂದರ ಹಿಂದೆ ಒಂದರಂತೆ ನಿಲ್ಲಿಸಿದರೆ ಸಾಲಿನ ಉದ್ದ ಸುಮಾರು ಒಂದು ಮಿಲಿಮೀಟರು ಆದೀತು.

ರಕ್ತಪರೀಕ್ಷೆಯಲ್ಲಿ ಒಳ್ಳೆಯ ಕೊಲೆಸ್ಟರಾಲು ಪುರುಷರಲ್ಲಿ 40ಕ್ಕೂ ಸ್ತ್ರೀಯರಲ್ಲಿ 50ಕ್ಕೂ ಕಡಿಮೆಯಿದ್ದರೆ ಅದನ್ನು ಕೊರತೆ ಎಂದು ಎಣಿಸುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನೆರೆಯ ಮಹಾರಾಷ್ಟ್ರವೂ ಸೇರಿದಂತೆ ನಾಲ್ಕು ಪ್ರದೇಶಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ನೂರಕ್ಕೆ 72 ಮಂದಿಯಲ್ಲಿ ಈ ಕೊರತೆ ಕಂಡುಬಂದಿತು. ಹೀಗಾಗಿ 52 ಎಂಬ ಅಂಕೆಯನ್ನು ನೋಡಿ ನಮ್ಮ ರೈತರು ಸಂತೋಷಪಟ್ಟದ್ದು ಸಹಜವೇ ಆಗಿತ್ತು.

ಚಕ್ಕಡಿಯಲ್ಲಿ ಬರುವ ಚೀಟಿ

ಚಕ್ಕಡಿ ಕಬ್ಬನ್ನಷ್ಟೇ ಹೊರುವುದಿಲ್ಲ. ಅದರೊಡನೆ ಚೀಟಿಗಳೂ ಹೋಗುತ್ತವೆ, ಬರುತ್ತವೆ. ಕಾರಖಾನೆಯ ಚೀಟಿ ಬಂದರೆ ಕಡಿಯುವ ಕೆಲಸ ಆರಂಭವಾಗುತ್ತದೆ. ನಿಲ್ಲಿಸಿರೆಂದು ಹೇಳಿ ಕಳುಹಿಸಿದರೆ ಕುಡುಗೋಲು ಕೆಳಗಿಡಬೇಕಾಗುತ್ತದೆ. ನಮ್ಮ ಜೀವಕೋಶಗಳಲ್ಲಿಯೂ 'ನಿಲ್ಲಿಸಿರಿ' ಎಂದು ಹೇಳುವ ಚೀಟಿಗಳಿವೆ. ಅವುಗಳಿಗೆ ಮೈಕ್ರೋ ಆರ್.ಎನ್.ಎ. ಎಂದು ಹೆಸರು.

ಪ್ರತಿ ಜೀವಕೋಶದಲ್ಲಿಯೂ ಯಾವ ಪ್ರೋಟೀನನ್ನು ತಯಾರಿಸಬೇಕೆಂಬ ಆಜ್ಞೆಯು ಆರ್.ಎನ್.ಎ. ಎಂಬ ಉದ್ದನೆಯ ಎಳೆಯಲ್ಲಿ ಬರೆದಿರುತ್ತದೆ. ಮೈಕ್ರೋ ಆರ್.ಎನ್.ಎ. ಎಂಬುದು ಕೇವಲ ಇಪ್ಪತ್ತೆರಡರಷ್ಟು ಅಕ್ಷರಗಳ ಬಹು ಸಣ್ಣ ಎಳೆ. ಅದು ಹೊಂದುವ ಉದ್ದನೆಯ ಎಳೆಯನ್ನು ಹುಡುಕಿ ಅದಕ್ಕೆ ಅಂಟಿಕೊಂಡರೆ ಆ ಪ್ರೋಟೀನಿನ ತಯಾರಿಕೆ ತಗ್ಗುತ್ತದೆ ಅಥವಾ ನಿಲ್ಲುತ್ತದೆ.

ಅಮೆರಿಕದ ವಿಜ್ಞಾನಿಗಳಾದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಎಂಬವರು ಒಂದು ಮಿಲಿಮೀಟರು ಉದ್ದದ ಹುಳುವಿನಲ್ಲಿ ಇದನ್ನು ಕಂಡುಹಿಡಿದು 1993ರಲ್ಲಿ ಪ್ರಕಟಿಸಿದರು. ಹುಳುವಿನ ವಿಷಯವೆಂದು ಆಗ ಬಹಳ ಮಂದಿ ಇದಕ್ಕೆ ಗಮನ ಕೊಡಲಿಲ್ಲ. ಇಂಥ ಎಳೆಗಳು ಮನುಷ್ಯರಲ್ಲಿಯೂ ಇವೆಯೆಂದು ಮುಂದೆ ತಿಳಿದುಬಂದಿತು. ಈ ಶೋಧಕ್ಕಾಗಿ ಅವರಿಬ್ಬರಿಗೂ 2024ರ ನೊಬೆಲ್ ಪಾರಿತೋಷಕ ದೊರಕಿತು.

ಈ ಚೀಟಿಗಳು ಒಂದು ಜೀವಕೋಶದಿಂದ ಇನ್ನೊಂದಕ್ಕೆ ಹೋಗುವುದು ಹೇಗೆ? 2011ರಲ್ಲಿ ಅಮೆರಿಕದ ಕೇಸಿ ವಿಕರ್ಸ್ ಮತ್ತು ಅವರ ಸಂಗಡಿಗರು ಎಚ್.ಡಿ.ಎಲ್. ಕಣಗಳೇ ಮೈಕ್ರೋ ಆರ್.ಎನ್.ಎ.ಗಳನ್ನು ಹೊತ್ತು ಒಯ್ದು ಬೇರೆ ಜೀವಕೋಶಗಳಿಗೆ ಒಪ್ಪಿಸಬಲ್ಲವು ಎಂದು ತೋರಿಸಿದರು. ಒಳ್ಳೆಯ ಕೊಬ್ಬು ಕಸವನ್ನು ಸಾಗಿಸುವುದಲ್ಲದೆ ಅಂಚೆಯ ಕೆಲಸವನ್ನೂ ಮಾಡುತ್ತದೆ ಎಂದು ಇದರಿಂದ ತಿಳಿಯಿತು.

ಆ ಅಂಚೆಯಲ್ಲಿ ಉರಿಯೂತಕ್ಕೆ ಸಂಬಂಧಪಟ್ಟ ಚೀಟಿಯೂ ಇದೆ. ಅದಕ್ಕೆ ಮಿರ್-223 ಎಂಬ ಸಂಖ್ಯೆಯನ್ನು ಕೊಟ್ಟಿದ್ದಾರೆ. ಇದು ಬಿಳಿ ರಕ್ತಕಣಗಳಲ್ಲಿ ಹೇರಳವಾಗಿದೆ. ಆಸ್ಟ್ರೇಲಿಯದ ಸಿಡ್ನಿ ನಗರದ ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎಚ್.ಡಿ.ಎಲ್. ಕಣಗಳು ಈ ಚೀಟಿಯನ್ನು ರಕ್ತನಾಳದ ಒಳಪದರಿನ ಜೀವಕೋಶಗಳಿಗೆ ತಲುಪಿಸಿದವು. ಅಲ್ಲಿ ಅದು ಐಕ್ಯಾಮ್-1 ಎಂಬ ಪ್ರೋಟೀನಿನ ತಯಾರಿಕೆಯನ್ನು ತಗ್ಗಿಸಿತು. ಬಿಳಿ ಕಣಗಳನ್ನು ಹಿಡಿದು ನಿಲ್ಲಿಸುವ ಕೊಂಡಿಗಳೆಂದು ಮೇಲೆ ಹೇಳಿದೆವಲ್ಲವೆ, ಅವುಗಳಲ್ಲಿ ಇದೂ ಒಂದು. ಕೊಂಡಿ ಕಡಿಮೆಯಾದರೆ ಗೋಡೆಗೆ ಅಂಟುವ ಬಿಳಿ ಕಣಗಳೂ ಕಡಿಮೆಯಾಗುತ್ತವೆ, ಉರಿಯೂತವು ತಣಿಯುತ್ತದೆ. ಆರೋಗ್ಯವಂತರಲ್ಲಿ ಒಳ್ಳೆಯ ಕೊಬ್ಬು ನಮ್ಮನ್ನು ಕಾಯುವ ಬಗೆಗಳಲ್ಲಿ ಇದೊಂದು.

ಮೂತ್ರಪಿಂಡ ಕೆಟ್ಟಾಗ ಚಕ್ಕಡಿಗೆ ಏನಾಗುತ್ತದೆ?

ಈಗ ನಮ್ಮ ರೈತರ ಪ್ರಶ್ನೆಗೆ ಬರೋಣ. ಮೂತ್ರಪಿಂಡದ ಕಾಯಿಲೆಯಲ್ಲಿ ಒಳ್ಳೆಯ ಕೊಲೆಸ್ಟರಾಲಿನ ಪ್ರಮಾಣವು ಸಾಮಾನ್ಯವಾಗಿ ಇಳಿಯುತ್ತದೆ. ಇಳಿಯದೆ ಉಳಿದವರಲ್ಲಿಯೂ ಅದರ ಗುಣ ಬದಲಾಗಿರುವುದುಂಟು. ಚಕ್ಕಡಿಗಳ ಎಣಿಕೆ ಸರಿಯಾಗಿದ್ದರೂ ಅದರೊಳಗಿನ ಹೇರು ಬೇರೆಯಾಗಿರುತ್ತದೆ.

ಆಸ್ಟ್ರಿಯ ದೇಶದ ವಿಜ್ಞಾನಿಗಳು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ರೋಗಿಗಳ ಎಚ್.ಡಿ.ಎಲ್. ಕಣಗಳನ್ನು ಪರೀಕ್ಷಿಸಿ 2011ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಉರಿಯೂತದ ಕಾಲದಲ್ಲಿ ಯಕೃತ್ತು ತಯಾರಿಸುವ ಸೀರಮ್ ಅಮಿಲಾಯ್ಡ್ ಎಂಬ ಪ್ರೋಟೀನು ಆ ಕಣಗಳಲ್ಲಿ ಸೇರಿಕೊಂಡಿತ್ತು. ಗೋಡೆಯಿಂದ ಕೊಲೆಸ್ಟರಾಲನ್ನು ಎತ್ತಿಕೊಳ್ಳುವ ಅವುಗಳ ಶಕ್ತಿ ಕುಗ್ಗಿತ್ತು. 2013ರಲ್ಲಿ ಯೂರೋಪಿನ ಇನ್ನೊಂದು ತಂಡವು, ಮೂತ್ರಪಿಂಡಗಳು ಹೊರಹಾಕಲಾರದೆ ರಕ್ತದಲ್ಲಿ ಉಳಿಯುವ ಒಂದು ಕಲ್ಮಷವು ಎಚ್.ಡಿ.ಎಲ್. ಕಣದೊಳಗೆ ಸೇರಿ, ರಕ್ತನಾಳವನ್ನು ಕಾಯಬೇಕಾದ ಕಣವೇ ಅದನ್ನು ಕೆರಳಿಸುವಂತೆ ಮಾಡುತ್ತದೆ ಎಂದು ತೋರಿಸಿತು.

ಚೀಟಿಗಳ ವಿಷಯವೂ ಹೀಗೆಯೇ. ಮೂತ್ರಪಿಂಡದ ರೋಗಿಗಳ ಎಚ್.ಡಿ.ಎಲ್. ಕಣಗಳ ಮೇಲಿರುವ ಮೈಕ್ರೋ ಆರ್.ಎನ್.ಎ.ಗಳ ಪ್ರಮಾಣವು ಆರೋಗ್ಯವಂತರಲ್ಲಿ ಇರುವಂತೆ ಇರುವುದಿಲ್ಲವೆಂದು ಸಂಶೋಧನೆಗಳಿಂದ ತಿಳಿದುಬಂದಿದೆ. ಕೆಲವು ಚೀಟಿಗಳು ಹೆಚ್ಚಾಗುತ್ತವೆ, ಕೆಲವು ಕಡಿಮೆಯಾಗುತ್ತವೆ. ಮೇಲಾಗಿ ಒಂದೇ ಚೀಟಿಯು ರಕ್ತನಾಳದ ಜೀವಕೋಶಕ್ಕೆ ಹೋದಾಗ ಮಾಡುವ ಕೆಲಸವನ್ನೇ ಬಿಳಿ ರಕ್ತಕಣಕ್ಕೆ ಹೋದಾಗಲೂ ಮಾಡಬೇಕೆಂದಿಲ್ಲ. ಆದುದರಿಂದ ಚೀಟಿ ಹೆಚ್ಚಾದರೆ ಒಳಿತು, ಕಡಿಮೆಯಾದರೆ ಕೆಡುಕು ಎಂದು ಸರಳವಾಗಿ ಹೇಳಲು ಬರುವುದಿಲ್ಲ. ಈ ಬದಲಾವಣೆಗಳಲ್ಲಿ ಯಾವುವು ಉರಿಯೂತಕ್ಕೆ ಕಾರಣ, ಯಾವುವು ಉರಿಯೂತದ ಪರಿಣಾಮ ಎಂಬುದನ್ನು ವಿಜ್ಞಾನಿಗಳು ಇನ್ನೂ ಬಿಡಿಸುತ್ತಿದ್ದಾರೆ.

ಹೀಗೆ ಕಾಯಿಲೆಯು ಗಾಣದಂತೆ ಸುತ್ತು ತಿರುಗುತ್ತದೆ. ಮೂತ್ರಪಿಂಡ ಕೆಡುವುದರಿಂದ ಒಳ್ಳೆಯ ಕೊಬ್ಬಿನ ಗುಣ ಕೆಡುತ್ತದೆ. ಅದು ಕೆಟ್ಟುದರಿಂದ ಉರಿಯೂತವು ತಣಿಯುವುದಿಲ್ಲ. ಉರಿಯೂತವು ಮೂತ್ರಪಿಂಡವನ್ನೂ ಹೃದಯದ ರಕ್ತನಾಳಗಳನ್ನೂ ಇನ್ನಷ್ಟು ಕೆಡಿಸುತ್ತದೆ.

ಅಂಕೆಯನ್ನು ನಂಬಿ ಕೂರಬಾರದು

ಒಳ್ಳೆಯ ಕೊಲೆಸ್ಟರಾಲಿನ ಅಂಕೆಯನ್ನು ಔಷಧಿಯಿಂದ ಏರಿಸಿದರೆ ಸಾಲದೆ ಎಂದು ಕೆಲವರು ಕೇಳಬಹುದು. ಅದನ್ನೂ ಪ್ರಯತ್ನಿಸಿ ನೋಡಲಾಗಿದೆ. ಟಾರ್ಸೆಟ್ರಾಪಿಬ್ ಎಂಬ ಔಷಧಿಯು ಒಳ್ಳೆಯ ಕೊಲೆಸ್ಟರಾಲನ್ನು ಬಹಳವಾಗಿ ಏರಿಸಿತು. ಆದರೆ ಅದನ್ನು ತೆಗೆದುಕೊಂಡವರಲ್ಲಿ ಸಾವುಗಳು ಹೆಚ್ಚಿದುದರಿಂದ 2006ರಲ್ಲಿ ಆ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಚಕ್ಕಡಿಗಳ ಎಣಿಕೆಯನ್ನು ಏರಿಸಿದ ಮಾತ್ರಕ್ಕೆ ರಕ್ಷಣೆ ದೊರೆಯುವುದೆಂದು ನಂಬಲಾಗದು ಎಂಬುದು ಇದರಿಂದ ತಿಳಿಯುತ್ತದೆ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಮೈಕ್ರೋ ಆರ್.ಎನ್.ಎ.ಯನ್ನು ಅಳೆದು ಮೂತ್ರಪಿಂಡದ ರೋಗಿಗೆ ಚಿಕಿತ್ಸೆ ನಿರ್ಧರಿಸುವ ಪದ್ಧತಿಯು ಆಸ್ಪತ್ರೆಗಳ ದಿನನಿತ್ಯದ ಬಳಕೆಗೆ ಬಂದಿಲ್ಲ. ಇಂಥ ಪರೀಕ್ಷೆ ಅಥವಾ ಇಂಥ ಪುಡಿಯಿಂದ ಕಿಡ್ನಿ ಹೊಸದಾಗುತ್ತದೆ ಎಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿರಿ. ಕಬ್ಬಿನ ಬಿಲ್ಲು ಕೈಗೆ ಬಂದ ವೇಳೆಯಲ್ಲಿಯೇ ಇಂಥವರು ಊರಿಗೆ ಬರುವುದುಂಟು.

ಹಾಗಾದರೆ ಈ ಜ್ಞಾನದಿಂದ ನಮಗೇನು ಪ್ರಯೋಜನ? ಒಂದೇ ಒಂದು, ಆದರೆ ದೊಡ್ಡದು: ಗಾಣದ ಸುತ್ತನ್ನು ಬೇಗನೆ ನಿಲ್ಲಿಸಬೇಕು. ಅದಕ್ಕೆ ಬೇಕಾದ ಪರೀಕ್ಷೆಗಳು ಸುಲಭವಾದವು, ಹತ್ತಿರದಲ್ಲಿಯೇ ದೊರೆಯುವಂಥವು.

ಯಾರು, ಯಾವ ಪರೀಕ್ಷೆ ಮಾಡಿಸಬೇಕು?

ಮೂವತ್ತು ವರ್ಷ ದಾಟಿದ ಪ್ರತಿಯೊಬ್ಬರೂ ರಕ್ತದೊತ್ತಡ ಮತ್ತು ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಬೇಕು. ಉಪಕೇಂದ್ರ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದನ್ನು ಮಾಡುತ್ತಾರೆ. ಸಕ್ಕರೆ ಕಾಯಿಲೆ ಅಥವಾ ಏರೊತ್ತಡ ಇರುವವರು, ಮನೆತನದಲ್ಲಿ ಮೂತ್ರಪಿಂಡದ ಕಾಯಿಲೆ ಇರುವವರು, ಬಸಿರಿನಲ್ಲಿ ರಕ್ತದೊತ್ತಡ ಏರಿದ್ದ ಸ್ತ್ರೀಯರು, ಬಹಳ ಕಾಲ ನೋವಿನ ಗುಳಿಗೆ ನುಂಗಿದವರು ವರ್ಷಕ್ಕೊಮ್ಮೆಯಾದರೂ ಇನ್ನೆರಡು ಪರೀಕ್ಷೆಗಳನ್ನು ಮಾಡಿಸತಕ್ಕದ್ದು.

ಒಂದು, ಮೂತ್ರದಲ್ಲಿ ಆಲ್ಬುಮಿನ್ ಇದೆಯೇ ಎಂಬ ಪರೀಕ್ಷೆ. ಸೋಸುಕವು ಸಡಿಲವಾದರೆ ಪ್ರೋಟೀನು ಸೋರಿಹೋಗುತ್ತದೆ. ರೋಗದ ಮೊದಲ ಸುಳಿವು ಅನೇಕ ಸಲ ಇದೇ ಆಗಿರುತ್ತದೆ.

ಎರಡು, ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷೆ. ಇದರ ಅಂಕೆಯ ಜೊತೆಗೆ ವಯಸ್ಸು ಮತ್ತು ಲಿಂಗವನ್ನು ಗಮನಿಸಿ ವೈದ್ಯರು ಸೋಸುವ ಶಕ್ತಿಯನ್ನು ಲೆಕ್ಕ ಹಾಕುತ್ತಾರೆ. ಈ ಲೆಕ್ಕವು ಮೂರು ತಿಂಗಳಿಗಿಂತ ಹೆಚ್ಚು ಕಾಲ 60ಕ್ಕಿಂತ ಕೆಳಗಿದ್ದರೆ, ಅಥವಾ ಮೂತ್ರದಲ್ಲಿ ಆಲ್ಬುಮಿನ್ ಅಷ್ಟೇ ಕಾಲ ಹೋಗುತ್ತಿದ್ದರೆ, ಅದು ಮೂತ್ರಪಿಂಡದ ದೀರ್ಘ ಕಾಯಿಲೆ.

ಬೇಗ ತಿಳಿದರೆ ರಕ್ತದೊತ್ತಡ ಮತ್ತು ಸಕ್ಕರೆಯನ್ನು ಹತೋಟಿಗೆ ತಂದು, ಪ್ರೋಟೀನು ಸೋರುವುದನ್ನು ತಗ್ಗಿಸುವ ಗುಳಿಗೆಗಳನ್ನು ಕೊಟ್ಟು ರೋಗದ ಓಟವನ್ನು ನಿಧಾನಗೊಳಿಸಬಹುದು. ಸಕ್ಕರೆ ಕಾಯಿಲೆಗೆಂದು ಬಂದ ಡಾಪಾಗ್ಲಿಫ್ಲೋಜಿನ್ ಎಂಬ ಗುಳಿಗೆಯು ಸಕ್ಕರೆ ಕಾಯಿಲೆ ಇಲ್ಲದ ಮೂತ್ರಪಿಂಡದ ರೋಗಿಗಳಿಗೂ ಹಿತಕರವೆಂದು 2020ರಲ್ಲಿ ಸಿದ್ಧವಾಯಿತು. ತಡವಾದರೆ ಉಳಿಯುವುದು ಡಯಾಲಿಸಿಸ್ ಅಥವಾ ಮೂತ್ರಪಿಂಡದ ಕಸಿ. ಡಯಾಲಿಸಿಸ್ ಎಂದರೆ ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ಸುಮಾರು ನಾಲ್ಕು ಗಂಟೆ ಯಂತ್ರದ ಪಕ್ಕದಲ್ಲಿ ಮಲಗಬೇಕು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದ ಬಡವರಿಗೆ ಇದರ ಖರ್ಚು ಹಗುರಾಗಿದೆ. ಆದರೆ ಬಸ್ಸಿನ ಪ್ರಯಾಣ, ತಪ್ಪುವ ಕೂಲಿ, ಜೊತೆಗೆ ಬರುವವರ ದಿನಗಳು, ಇವುಗಳ ಭಾರ ಕುಟುಂಬದ ಮೇಲೆಯೇ ಬೀಳುತ್ತದೆ.

ನಮ್ಮ ಸೀಮೆಯ ಕೆಲವು ಅಭ್ಯಾಸಗಳು

ತಂಬಾಕು: ನಿಪ್ಪಾಣಿಯ ಸುತ್ತಲಿನ ಕಪ್ಪು ಮಣ್ಣಿನಲ್ಲಿ ತಂಬಾಕು ಬೆಳೆಯುತ್ತದೆ, ಬೀಡಿ ಕಟ್ಟುವುದರಿಂದ ಎಷ್ಟೋ ಮನೆಗಳ ಒಲೆ ಉರಿದಿದೆ. ಬೆಳೆಯುವವರನ್ನೂ ಕಟ್ಟುವವರನ್ನೂ ದೂರುವುದು ನಮ್ಮ ಉದ್ದೇಶವಲ್ಲ. ಆದರೆ ಬೀಡಿ ಸೇದುವುದು ರಕ್ತನಾಳಗಳ ಉರಿಯೂತವನ್ನು ಹೆಚ್ಚಿಸುತ್ತದೆ, ಒಳ್ಳೆಯ ಕೊಬ್ಬನ್ನು ಇಳಿಸುತ್ತದೆ. ಸೇದುವುದನ್ನು ಬಿಟ್ಟರೆ ಅದು ಮತ್ತೆ ಏರತೊಡಗುತ್ತದೆ. ಹೆಣ್ಣುಮಕ್ಕಳು ಹಲ್ಲಿಗೆ ತಿಕ್ಕುವ ಮಿಶ್ರಿಯೂ ಸುಟ್ಟ ತಂಬಾಕೇ. ಗಂಡನಿಗೆ ಬೀಡಿ ಬಿಡೆಂದು ಹೇಳುವ ಹೆಂಡತಿ ಮಿಶ್ರಿಯ ಡಬ್ಬಿಯನ್ನೂ, ಹೆಂಡತಿಗೆ ಬುದ್ಧಿ ಹೇಳುವ ಗಂಡ ಗುಟ್ಕಾದ ಚೀಟನ್ನೂ ಒಂದೇ ದಿನ ಬಿಡುವುದು ಲೇಸು.

ನೋವಿನ ಗುಳಿಗೆ: ಕಬ್ಬು ಕಡಿಯುವ ಹಂಗಾಮಿನಲ್ಲಿ ಮೈಕೈ ನೋವಿಗೆಂದು ಅಂಗಡಿಯಿಂದ ಗುಳಿಗೆ ತಂದು ದಿನವೂ ನುಂಗುವವರಿದ್ದಾರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮುಂತಾದವು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ಬಿಸಿಲಲ್ಲಿ ಬೆವತು ನೀರು ಕಡಿಮೆಯಾದ ಮೈಗೆ ಇದು ಇನ್ನೂ ಅಪಾಯಕರ. ವೈದ್ಯರನ್ನು ಕೇಳದೆ ಇವನ್ನು ತೆಗೆದುಕೊಳ್ಳಬಾರದು. ಏನು ಬೆರೆಸಿದ್ದಾರೆಂದು ತಿಳಿಯದ ಭಸ್ಮ ಮತ್ತು ಪುಡಿಗಳನ್ನೂ ವರ್ಜಿಸಬೇಕು.

ನೀರು: ಹೊಲದ ಕೆಲಸಕ್ಕೆ ಹೋಗುವಾಗ ನೀರನ್ನು ಕೂಡ ಒಯ್ದು ಬಾಯಾರುವ ಮುನ್ನವೇ ಕುಡಿಯಬೇಕು. ಆದರೆ ಆಗಲೇ ಮೂತ್ರಪಿಂಡ ಬಲಹೀನವಾಗಿ ಮೈ ಬಾತಿರುವವರು ವೈದ್ಯರು ಹೇಳಿದಷ್ಟು ನೀರನ್ನು ಮಾತ್ರ ಕುಡಿಯತಕ್ಕದ್ದು.

ಉಪ್ಪು: ಒಬ್ಬರಿಗೆ ದಿನಕ್ಕೆ ಒಂದು ಚಹಾ ಚಮಚೆಯಷ್ಟು ಉಪ್ಪು ಸಾಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಗಳಲ್ಲಿ ಇರುವುದೂ ಈ ಲೆಕ್ಕಕ್ಕೆ ಸೇರಿತು. ಜೋಳದ ರೊಟ್ಟಿ, ಕಾಯಿಪಲ್ಯ, ಬೇಳೆ ಇವು ಉತ್ತಮ ಆಹಾರ. ಕಾಯಿಲೆ ಬಲಿತವರಿಗೆ ಬೇಳೆ ಮತ್ತು ಹಣ್ಣುಗಳ ಪ್ರಮಾಣವನ್ನು ವೈದ್ಯರು ಬೇರೆಯಾಗಿ ಹೇಳುತ್ತಾರೆ. ಬೆಲ್ಲವು ಸಕ್ಕರೆಯಲ್ಲವೆಂದು ಸಕ್ಕರೆ ಕಾಯಿಲೆಯವರು ತಿಳಿಯಬಾರದು. ರಕ್ತದಲ್ಲಿ ಎರಡೂ ಒಂದೇ.

ಬಸಿರು ಮತ್ತು ಕುಟುಂಬ ಯೋಜನೆ

ಬಸಿರಿನ ಐದು ತಿಂಗಳ ನಂತರ ರಕ್ತದೊತ್ತಡವು 140/90 ಅಥವಾ ಅದಕ್ಕಿಂತ ಹೆಚ್ಚಾಗಿ, ಮೂತ್ರದಲ್ಲಿ ಪ್ರೋಟೀನು ಕಂಡರೆ ಅದು ತಾಯಿಗೂ ಶಿಶುವಿಗೂ ಅಪಾಯದ ಸೂಚನೆ. ಅದಕ್ಕಾಗಿಯೇ ಪ್ರತಿ ಭೇಟಿಯಲ್ಲಿಯೂ ರಕ್ತದೊತ್ತಡವನ್ನು ನೋಡಿ ತಾಯಿ ಕಾರ್ಡಿನಲ್ಲಿ ಬರೆಯುತ್ತಾರೆ. ಹೆರಿಗೆಯಾದ ಮೇಲೆ ಒತ್ತಡವು ಇಳಿಯಿತೆಂದು ಮರೆಯುವುದು ತಪ್ಪು. ಇಂಥ ಸ್ತ್ರೀಯರಿಗೆ ಮುಂದೆ ಏರೊತ್ತಡ, ಹೃದಯದ ಕಾಯಿಲೆ ಮತ್ತು ಮೂತ್ರಪಿಂಡದ ಕಾಯಿಲೆ ಬರುವ ಸಂಭವ ಹೆಚ್ಚು. ತಾಯಿ ಕಾರ್ಡನ್ನು ಎಸೆಯದೆ ಇಟ್ಟುಕೊಂಡು, ವರ್ಷಕ್ಕೊಮ್ಮೆ ರಕ್ತದೊತ್ತಡ ಮತ್ತು ಮೂತ್ರವನ್ನು ಪರೀಕ್ಷಿಸಿಕೊಳ್ಳಬೇಕು.

ಮೂತ್ರಪಿಂಡದ ಕಾಯಿಲೆಯಿರುವ ಸ್ತ್ರೀಯು ವೈದ್ಯರ ಸಲಹೆ ಪಡೆದ ಮೇಲೆಯೇ ಬಸಿರಾಗುವುದು ಕ್ಷೇಮ. ಎನಾಲಪ್ರಿಲ್, ರಾಮಿಪ್ರಿಲ್, ಟೆಲ್ಮಿಸಾರ್ಟಾನ್ ಮುಂತಾದ ರಕ್ತದೊತ್ತಡದ ಗುಳಿಗೆಗಳು ಗರ್ಭದ ಶಿಶುವಿಗೆ ಹಾನಿಕರ. ಇವನ್ನು ತೆಗೆದುಕೊಳ್ಳುವವರು ಮುಟ್ಟು ನಿಂತ ಕೂಡಲೇ ವೈದ್ಯರಿಗೆ ತಿಳಿಸಿ ಬೇರೆ ಗುಳಿಗೆ ಪಡೆಯತಕ್ಕದ್ದು. ಏರೊತ್ತಡ ಇರುವವರಿಗೆ ಮಾಲಾ-ಎನ್ ನಂಥ ನುಂಗುವ ಗುಳಿಗೆಗಳು ಹೊಂದುವುದಿಲ್ಲ. ಕಾಪರ್-ಟಿ ಹೆಚ್ಚಿನವರಿಗೆ ಹೊಂದುತ್ತದೆ. ಮಕ್ಕಳು ಸಾಕೆಂದು ನಿಶ್ಚಯಿಸಿದವರಲ್ಲಿ ಪತಿಯೇ ಹೊಲಿಗೆಯಿಲ್ಲದ ಸರಳ ಶಸ್ತ್ರಚಿಕಿತ್ಸೆಗೆ ಮುಂದಾದರೆ ಕಾಯಿಲೆಯ ಪತ್ನಿಗೆ ಒಂದು ಭಾರ ತಪ್ಪುತ್ತದೆ.

ಆ ದಂಪತಿಗಳ ಮುಂದಿನ ವಿಷಯ

ಮೊದಲಲ್ಲಿ ಹೇಳಿದ ರೈತರಿಗೆ ಔಷಧೋಪಚಾರ ಆರಂಭವಾಯಿತು. ಗಂಡನಿಗೆ ಗುಳಿಗೆಗಳನ್ನು ಬರೆದುಕೊಟ್ಟ ಮೇಲೆ, ಪಕ್ಕದಲ್ಲಿ ಕುಳಿತಿದ್ದ ಪತ್ನಿಯ ತೋಳಿಗೂ ರಕ್ತದೊತ್ತಡದ ಪಟ್ಟಿಯನ್ನು ಕಟ್ಟಿ ನೋಡಲಾಯಿತು. ಅವರಿಗೆ ಮೂವತ್ತೆಂಟು ವರ್ಷ. ಒತ್ತಡ 150/96 ಇತ್ತು. ವಿಚಾರಿಸಿದಾಗ, ಎರಡನೆಯ ಬಸಿರಿನಲ್ಲಿ ಮುಖ ಕೈ ಬಾತು ಒತ್ತಡ ಏರಿತ್ತೆಂದೂ, ಹನ್ನೆರಡು ವರ್ಷಗಳಿಂದ ಅದನ್ನು ಯಾರೂ ಮತ್ತೆ ನೋಡಿಲ್ಲವೆಂದೂ ಹೇಳಿದರು. "ನನಗೇನಾಗೇತ್ರಿ, ಇವರನ್ನ ತೋರಿಸಾಕ ಬಂದೇನಿ" ಎಂಬುದೇ ಅವರ ಮಾತಾಗಿತ್ತು. ಅವರ ಒಳ್ಳೆಯ ಕೊಲೆಸ್ಟರಾಲು 38 ಮಾತ್ರ. ಆದರೆ ಮೂತ್ರವೂ ಕ್ರಿಯಾಟಿನಿನ್ನೂ ಇನ್ನೂ ಸರಿಯಾಗಿದ್ದವು.

ಅಂಕೆ ಚೆನ್ನಾಗಿದ್ದ ಪತಿಯ ಮೂತ್ರಪಿಂಡ ಕೆಟ್ಟಿತ್ತು. ಅಂಕೆ ಕಡಿಮೆಯಿದ್ದ ಪತ್ನಿಯ ಮೂತ್ರಪಿಂಡ ಉಳಿದಿತ್ತು. ಇಬ್ಬರ ನಿಜಸ್ಥಿತಿಯನ್ನೂ ತಿಳಿಸಿದ್ದು ಒಂದು ಪಟ್ಟಿ, ಒಂದು ಬಾಟಲಿ ಮೂತ್ರ ಮತ್ತು ಸ್ವಲ್ಪ ರಕ್ತ.

ಒಂದು ವರ್ಷ ಕಳೆದಿದೆ. ಪತಿಯ ಕ್ರಿಯಾಟಿನಿನ್ ಇಳಿಯಲಿಲ್ಲ. ಕಳೆದುಹೋದ ಸೋಸುಕಗಳು ಮರಳಿ ಬರುವುದಿಲ್ಲವೆಂದು ಅವರಿಗೆ ಮೊದಲೇ ತಿಳಿಸಲಾಗಿತ್ತು. ಆದರೆ ಅದು 1.9ರಲ್ಲಿಯೇ ನಿಂತಿದೆ, ಏರಲಿಲ್ಲ. ಮೂತ್ರದಲ್ಲಿ ಪ್ರೋಟೀನು ಕಡಿಮೆಯಾಗಿದೆ. ಅವರು ಬೀಡಿಯನ್ನೂ ನೋವಿನ ಗುಳಿಗೆಯನ್ನೂ ಬಿಟ್ಟಿದ್ದಾರೆ. ಪತ್ನಿಯ ರಕ್ತದೊತ್ತಡ ಹತೋಟಿಯಲ್ಲಿದೆ. ಈಗ ಪ್ರತಿ ತಿಂಗಳೂ ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದು ಇಬ್ಬರ ಚೀಟಿಗಳನ್ನೂ ಮೇಜಿನ ಮೇಲೆ ಇಡುತ್ತಾರೆ.

ನೆನಪಿಡತಕ್ಕ ಅಂಶಗಳು

1. ಒಳ್ಳೆಯ ಕೊಬ್ಬು ಕೊಲೆಸ್ಟರಾಲನ್ನಲ್ಲದೆ, ಉರಿಯೂತವನ್ನು ತಣಿಸಬಲ್ಲ ಮೈಕ್ರೋ ಆರ್.ಎನ್.ಎ. ಎಂಬ ಚೀಟಿಗಳನ್ನೂ ಹೊರುತ್ತದೆ.

2. ಮೂತ್ರಪಿಂಡದ ಕಾಯಿಲೆಯಲ್ಲಿ ಈ ಹೇರು ಬದಲಾಗುತ್ತದೆ. ಆಗ ಅಂಕೆ ಸರಿಯಿದ್ದರೂ ರಕ್ಷಣೆ ಇರಲಾರದು.

3. ಮೂತ್ರದ ಆಲ್ಬುಮಿನ್, ರಕ್ತದ ಕ್ರಿಯಾಟಿನಿನ್, ರಕ್ತದೊತ್ತಡ, ಸಕ್ಕರೆ, ಈ ನಾಲ್ಕನ್ನು ನೋಡಿಸದೆ ಮೂತ್ರಪಿಂಡ ಚೆನ್ನಾಗಿದೆ ಎನ್ನಬಾರದು.

4. ತಂಬಾಕು ಮತ್ತು ವೈದ್ಯರು ಹೇಳದ ನೋವಿನ ಗುಳಿಗೆ, ಎರಡನ್ನೂ ಬಿಡಬೇಕು.

5. ಬಸಿರಿನಲ್ಲಿ ಏರಿದ ರಕ್ತದೊತ್ತಡವನ್ನು ಹೆರಿಗೆಯ ನಂತರವೂ ಮರೆಯಬಾರದು.

6. ಪರೀಕ್ಷೆಗೆ ಒಬ್ಬರು ಬಂದರೆ ಸಾಲದು; ಇಬ್ಬರೂ ಬರಬೇಕು.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ಒಳ್ಳೆಯ ಕೊಬ್ಬನ್ನು ಚಕ್ಕಡಿಗೆ ಏಕೆ ಹೋಲಿಸಲಾಗಿದೆ?

2. ಮಿರ್-223 ಎಂಬ ಚೀಟಿಯು ರಕ್ತನಾಳದ ಒಳಪದರಿನಲ್ಲಿ ಯಾವ ಕೆಲಸವನ್ನು ಮಾಡುತ್ತದೆ?

3. ಒಳ್ಳೆಯ ಕೊಲೆಸ್ಟರಾಲು 52 ಇದ್ದರೂ ಆ ರೈತರಿಗೆ ರಕ್ಷಣೆ ದೊರೆಯದಿರಲು ಕಾರಣವೇನು?

4. ನಿಮ್ಮ ಮನೆಯಲ್ಲಿ ಕೊನೆಯ ಸಲ ರಕ್ತದೊತ್ತಡ ಮತ್ತು ಮೂತ್ರವನ್ನು ಪರೀಕ್ಷಿಸಿಕೊಂಡವರು ಯಾರು, ಯಾವಾಗ? ಪತಿ ಮತ್ತು ಪತ್ನಿ ಇಬ್ಬರ ಉತ್ತರವನ್ನೂ ಬರೆದು, ಮುಂದಿನ ಸಲ ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ತೋರಿಸಿರಿ.